ಕುಡಿಯದವನು ಗಂಡಸಲ್ಲವೇ?

ಕಳೆದ ವಾರ ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಹಳೇ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. "ಉಸ್ತಾದ್, ಒಂದು ವಿಷಯ ಕೇಳ್ಬೇಕಿತ್ತು" ಅಂದ. ನಮಾಝಿನ ಯಾವುದೋ ಮಸ್‌ಅಲ ಇರಬಹುದು ಅಂದ್ಕೊಂಡೆವು. ಅಲ್ಲ.

ಹಾಸ್ಟೆಲಿನಲ್ಲಿ ಹುಟ್ಟುಹಬ್ಬಕ್ಕೆ, ಪರೀಕ್ಷೆ ಮುಗಿದದ್ದಕ್ಕೆ, ಮ್ಯಾಚ್ ಗೆದ್ದದ್ದಕ್ಕೆ, ಎಲ್ಲದಕ್ಕೂ ಬಾಟಲಿ. ಕುಡಿಯದವನಿಗೆ "ಅಮ್ಮ ಬಯ್ತಾರಾ?", "ಇವನಿಗೆ ಹಾಲು ತನ್ನಿ", ಕೊನೆಗೆ "ಗಂಡಸಾ ನೀನು?" ಒಂದು ರಾತ್ರಿ ಇವನು ಲೋಟಕ್ಕೆ ಬರೀ ಕೋಲಾ ಹಾಕಿಕೊಂಡು, ರಮ್ ಬೆರೆಸಿದವನ ಹಾಗೆ ಹಿಡಿದು ಕೂತಿದ್ದನಂತೆ. "ಅದು ತಪ್ಪಾ ಉಸ್ತಾದ್?" ಇದು ಅವನ ಪ್ರಶ್ನೆ.

ಬಯ್ಯಲು ಬಾಯಿ ತೆರೆದವರು ಸುಮ್ಮನಾದೆವು. ಮದ್ಯ ಹರಾಮ್ ಅಂತ ಕಲಿಸಿದ್ದೇವೆ, ಅಲ್ ಮಾಇದಾ ಸೂರದ 90ನೇ ಆಯತ್ ಬಾಯಿಪಾಠ ಮಾಡಿಸಿದ್ದೇವೆ. ಹತ್ತು ಮಂದಿ ನಗುವಾಗ 'ಬೇಡ' ಅನ್ನುವುದು ಹೇಗೆ ಅಂತ ಕಲಿಸಿಲ್ಲ. ಮೇಲಾಗಿ, ಬಿದ್ದು ಅತ್ತ ಹುಡುಗನಿಗೆ "ಗಂಡಾಗಿ ಅಳ್ತೀಯಾ?" ಅಂದವರು ನಾವೇ, ನಮ್ಮ ಮನೆಗಳಲ್ಲೇ. ಹಾಸ್ಟೆಲಿನವರು ಅದೇ ಕೋಲು ಎತ್ತಿಕೊಂಡಿದ್ದಾರೆ, ಅಷ್ಟೆ.

ಹುಡುಗರ ತಲೆಗೆ ಕ್ರಿಕೆಟ್ ಬೇಗ ಹತ್ತುತ್ತದೆ. ಹಾಶಿಂ ಆಮ್ಲ ದಕ್ಷಿಣ ಆಫ್ರಿಕಾದ ಜರ್ಸಿಯಲ್ಲಿ ಬಿಯರ್ ಕಂಪೆನಿಯ ಲೋಗೊ ಹಾಕಿಕೊಳ್ಳಲಿಲ್ಲ. ಅದೇ ಮನುಷ್ಯ 2012ರಲ್ಲಿ ಓವಲ್‌ನಲ್ಲಿ ಔಟಾಗದೆ 311 ಹೊಡೆದರು. ಆ ದಿನ ಅವರ ಗಂಡಸುತನವನ್ನು ಯಾವ ಬೌಲರ್ ಪ್ರಶ್ನಿಸಿಯಾನು? 2022ರ ಜನವರಿಯಲ್ಲಿ ಆಸ್ಟ್ರೇಲಿಯಾ ಆಶಸ್ ಗೆದ್ದು ಶಾಂಪೇನ್ ಚಿಮ್ಮಿಸುವಾಗ ಉಸ್ಮಾನ್ ಖವಾಜ ಪಕ್ಕಕ್ಕೆ ಸರಿದಿದ್ದರು. ನಾಯಕ ಪ್ಯಾಟ್ ಕಮಿನ್ಸ್ ಅದನ್ನು ಕಂಡು, ಬಾಟಲಿ ಕೆಳಗಿಡಿಸಿ, ಖವಾಜರನ್ನು ವೇದಿಕೆಗೆ ಕರೆದರು.

"ನಿಮ್ಮಲ್ಲಿ ಅಂಥ ಒಬ್ಬ ಕಮಿನ್ಸ್ ಇಲ್ವಾ?" ಕೇಳಿದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ನನ್ನು ಮುಸ್ಲಿಂ ಅಂತ ಕಡೆಗೆ ಬಿಟ್ಟುಬಿಡ್ತಾರೆ ಉಸ್ತಾದ್. ನನ್ನ ರೂಮಿನ ಹುಡುಗ ಹಿಂದೂ. ಅವನ ಅಪ್ಪ ಕುಡಿದೇ ಹೋದವರು, ಹಾಗಾಗಿ ಮುಟ್ಟುವುದಿಲ್ಲ. ಕಾರಣ ಹೇಳ್ಲಿಕ್ಕೂ ಅವನಿಗೆ ನಾಚಿಕೆ. ಅವನಿಗೇ ಜಾಸ್ತಿ ಕೀಟಲೆ."

ಇದು ನಮಗೆ ಹೊಳೆದೇ ಇರಲಿಲ್ಲ. ನಮ್ಮ ಹುಡುಗನ ಬೆನ್ನಿಗೆ ಜಮಾಅತ್ ಇದೆ, ಮನೆಯಿದೆ. ಆ ಮಗು ಒಬ್ಬನೇ ನಿಂತಿದೆ.

"ಕುಡಿದಿಲ್ಲ ಸರಿ, ಕುಡಿದ ಹಾಗೆ ನಟಿಸಿದ್ದು ಸರಿಯಲ್ಲ. ಇನ್ನು ಕೋಲಾವನ್ನು ಕೋಲಾ ಅಂತ ಹೇಳಿಯೇ ಕುಡಿ. ಅವನ ಪಕ್ಕದಲ್ಲೇ ಕೂತ್ಕೋ" ಅಂದೆವು.

"ಪೆರ್ನಾಲ್‌ಗೆ ಅವನನ್ನೂ ಕರ್ಕೊಂಡು ಬರ್ಲಾ?" ಅಂದ.

ಪತ್ತಿರಿ ಇಬ್ಬರಿಗೆ ಹೆಚ್ಚು ಮಾಡಲು ಮನೆಯಲ್ಲಿ ಹೇಳಿಟ್ಟಿದ್ದೇವೆ.