ಭಸ್ಮಾಸುರನ ಕೈ, ರತ್ನಜೀವಿಯ ಕಾಲು

ಅನಿಮೆ ಎಂಬುದು ಜಪಾನಿನ ಅನಿಮೇಷನ್‌ಗೆ ಬಿದ್ದಿರುವ ಹೆಸರು. ಬಹುಕಾಲ ಅದು ಕೈಯಿಂದ ಬರೆದ ಚಿತ್ರಗಳ ಕಲೆಯಾಗಿತ್ತು. ಪಾತ್ರಗಳನ್ನು ಕಂಪ್ಯೂಟರಿನೊಳಗೇ ಮೂರು ಆಯಾಮದ ಗೊಂಬೆಗಳಂತೆ ಕಟ್ಟಿ, ಒಳಗೊಂದು ಎಲುಬಿನ ಹಂದರ ಕೂಡಿಸಿ ಆಡಿಸುವ ಸರಣಿಗಳು 2010ರ ದಶಕದಲ್ಲಿ ಹೆಚ್ಚಿದವು. 2014ರಲ್ಲಿ ಪಾಲಿಗನ್ ಪಿಕ್ಚರ್ಸ್ ಸಂಸ್ಥೆ ತಂದ ‘ನೈಟ್ಸ್ ಆಫ್ ಸಿಡೋನಿಯಾ’ ಇವುಗಳಲ್ಲಿ ಹೆಸರಾದದ್ದು. ಆದರೂ ಹಳೆಯ ಅಭಿಮಾನಿಗಳಿಗೆ ಇಂಥವು ಸುಲಭಕ್ಕೆ ಒಗ್ಗಲಿಲ್ಲ. ಪಾತ್ರಗಳು ನೆಲ ತಾಗದೆ ಜಾರಿದಂತೆ ಕಾಣುತ್ತವೆ, ಮುಖದಲ್ಲಿ ಜೀವವಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತಿತ್ತು.

ಜಾರುವಿಕೆಗೆ ಸ್ಪಷ್ಟ ಕಾರಣವಿದೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಕೈಯಿಂದ ಬರೆಯುವವರು ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ, ಸೆಕೆಂಡಿಗೆ 12 ಅಥವಾ 8 ಚಿತ್ರಗಳಲ್ಲೇ ಕೆಲಸ ಪೂರೈಸುತ್ತಿದ್ದರು. ಖರ್ಚು ಉಳಿಸುವ ಈ ಉಪಾಯವೇ ಅನಿಮೆಯ ಲಯವಾಯಿತು. ಕಂಪ್ಯೂಟರಾದರೋ ಎರಡು ಭಂಗಿಗಳ ನಡುವಿನ ಎಲ್ಲ ಚೌಕಟ್ಟುಗಳನ್ನೂ ತಾನೇ ತುಂಬಿಬಿಡುತ್ತದೆ. ಚಲನೆ ನುಣುಪಾಗುತ್ತದೆ, ತೂಕ ಹೋಗುತ್ತದೆ. ಹೊನ್ನಾವರ, ಕುಮಟಾ ಸೀಮೆಯಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚಂಡೆಯ ಪೆಟ್ಟಿಗೆ ಹೆಜ್ಜೆ ಗಕ್ಕನೆ ನಿಂತಾಗಲೇ ಕುಣಿತಕ್ಕೆ ಬಲ ಬರುವುದು. ಒಳ್ಳೆಯ ಸರಣಿಯವರು ಯಂತ್ರ ತುಂಬಿದ ಚೌಕಟ್ಟುಗಳನ್ನು ಬೇಕೆಂದೇ ತೆಗೆದುಹಾಕಿ ಆ ನಿಲುಗಡೆಯನ್ನು ಮರಳಿ ತರುತ್ತಾರೆ. ನೆರಳು ಬೆಳಕನ್ನೂ ಎರಡೇ ಬಣ್ಣದ ಪದರಗಳಿಗೆ ಇಳಿಸುತ್ತಾರೆ. ಚರ್ಮದ ರಂಧ್ರ, ರೋಮಗಳನ್ನೆಲ್ಲ ನಿಜದಂತೆ ತೋರಿಸಹೊರಟ ಮುಖ ಮನುಷ್ಯನದ್ದೂ ಆಗದೆ ಗೊಂಬೆಯದ್ದೂ ಆಗದೆ ಕಸಿವಿಸಿ ಹುಟ್ಟಿಸುತ್ತದೆ. ಮುಖದ ತುಂಬ ಅಕ್ಕಿಹಿಟ್ಟಿನ ಬಿಳಿ ಚುಕ್ಕಿಗಳನ್ನಿಟ್ಟು ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬರುವ ಯಕ್ಷಗಾನದ ಬಣ್ಣದ ವೇಷ ಯಾವ ಮನುಷ್ಯನನ್ನೂ ಹೋಲುವುದಿಲ್ಲ. ಅದಕ್ಕೇ ಅದು ರಾಕ್ಷಸನೆಂದು ಮಗುವೂ ನಂಬುತ್ತದೆ.

ಚಿತ್ರ ಎಷ್ಟೇ ಚೆನ್ನಾಗಿದ್ದರೂ ಕಲ್ಪನಾಲೋಕದ ಕಥೆ ನಿಲ್ಲುವುದು ಅದರ ಕಟ್ಟಳೆಯ ಮೇಲೆ. ಹೊನ್ನಾವರ ತಾಲ್ಲೂಕಿನ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ (1933–2017) ಹೆಸರು ತಂದ ಪಾತ್ರಗಳಲ್ಲಿ ಭಸ್ಮಾಸುರನೂ ಒಬ್ಬ. ಕೈಯಿಟ್ಟ ತಲೆ ಬೂದಿಯಾಗಲಿ ಎಂಬುದು ಅವನು ಪಡೆದ ವರ. ಅದಕ್ಕೆ ವಿನಾಯಿತಿ ಇಲ್ಲ. ವರ ಕೊಟ್ಟ ಶಿವನೇ ಓಡಬೇಕಾಗುತ್ತದೆ. ಕೊನೆಗೆ ಮೋಹಿನಿಯೊಡನೆ ಕುಣಿಯುತ್ತ ತನ್ನ ಕೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳುತ್ತಾನೆ. ಹೊರಗಿನಿಂದ ಯಾವ ಹೊಸ ಶಕ್ತಿಯೂ ಬಂದು ಅವನನ್ನು ಕೊಲ್ಲುವುದಿಲ್ಲ. ಕಷ್ಟ ಬಂದಾಗಲೆಲ್ಲ ನಾಯಕನಿಗೆ ಹೊಸದೊಂದು ಮಂತ್ರ ಹೊಳೆಯುವ ಸರಣಿಗಳಲ್ಲಿ ಈ ಬಿಗಿ ಇರುವುದಿಲ್ಲ, ನಾಲ್ಕನೆಯ ಕಂತಿನ ಹೊತ್ತಿಗೆ ನೋಡುಗರ ಆತಂಕವೂ ಸತ್ತಿರುತ್ತದೆ.

ಚಿತ್ರದ ಹದ, ಕಟ್ಟಳೆಯ ಬಿಗಿ ಎರಡೂ ಒಂದೆಡೆ ಸೇರಿದ ಉದಾಹರಣೆ ‘ಹೋಸೆಕಿ ನೋ ಕುನಿ’, ಅಂದರೆ ರತ್ನಗಳ ನಾಡು. ಹರುಕೋ ಇಚಿಕಾವಾ ಅವರ ಚಿತ್ರಕಥೆಯನ್ನು ಆಧರಿಸಿ, ತಕಾಹಿಕೊ ಕ್ಯೋಗೊಕು ನಿರ್ದೇಶನದಲ್ಲಿ, ಆರೆಂಜ್ ಸಂಸ್ಥೆ 2017ರಲ್ಲಿ ಇದನ್ನು 12 ಕಂತುಗಳಲ್ಲಿ ತಯಾರಿಸಿತು. ಇಲ್ಲಿನ ಪಾತ್ರಗಳು ಸಾವಿಲ್ಲದ 28 ರತ್ನಜೀವಿಗಳು. ಇವುಗಳನ್ನು ಆಭರಣಕ್ಕಾಗಿ ಒಯ್ಯಲು ಚಂದ್ರನಿಂದ ಬೇಟೆಗಾರರು ಬರುತ್ತಾರೆ. ಎಲ್ಲಕ್ಕಿಂತ ಕಿರಿಯ ಜೀವಿ ಫಾಸ್; ಗಡಸುತನ ಬರೀ ಮೂರೂವರೆ, ಮುಟ್ಟಿದರೆ ಒಡೆಯುವಷ್ಟು. ಯುದ್ಧಕ್ಕೆ ಬಾರದೆಂದು ಅದಕ್ಕೆ ಪ್ರಕೃತಿಯ ವಿಶ್ವಕೋಶ ಬರೆಯುವ ಕೆಲಸ ಕೊಟ್ಟಿರುತ್ತಾರೆ. ಒಡೆದ ಚೂರುಗಳನ್ನು ಮತ್ತೆ ಅಂಟಿಸಬಹುದು. ಆದರೆ ನೆನಪು ಮೈಯ ತುಂಬ ಹರಡಿಕೊಂಡಿರುವುದರಿಂದ ಕಳೆದುಹೋದ ಚೂರಿನೊಂದಿಗೆ ಅಷ್ಟು ನೆನಪೂ ಹೋಗುತ್ತದೆ. ಕಾಲು ಹೋಗಿ ಅಗೇಟ್ ಶಿಲೆಯ ಕಾಲು ಬಂದಾಗ ಫಾಸ್‌ಗೆ ಗಾಳಿಯ ವೇಗ ಸಿಗುತ್ತದೆ, ಗೆಳೆಯರ ಬಗೆಗಿನ ನೆನಪುಗಳು ಅಳಿಯುತ್ತವೆ. ತೋಳು ಹೋಗಿ ಚಿನ್ನ–ಪ್ಲಾಟಿನಂ ಮಿಶ್ರಣದ ತೋಳು ಬಂದಾಗ ಬಲ ಸಿಗುತ್ತದೆ, ಮೊದಲಿನ ಹುಡುಗಾಟಿಕೆ ಮುಖದಿಂದ ಮಾಯವಾಗುತ್ತದೆ. ಪಡೆದದ್ದಕ್ಕೆಲ್ಲ ಬೆಲೆ ತೆರಬೇಕೆಂಬ ಕಟ್ಟಳೆಯನ್ನು ಸರಣಿ ಒಮ್ಮೆಯೂ ಮುರಿಯುವುದಿಲ್ಲ. ಕಂಪ್ಯೂಟರ್ ಇಲ್ಲಿ ಅನಿವಾರ್ಯವೂ ಹೌದು: ಬಿಸಿಲು ಹಾಯ್ದು ಮಿನುಗುವ ರತ್ನದ ಕೂದಲನ್ನು ಪ್ರತಿ ಚೌಕಟ್ಟಿನಲ್ಲೂ ಕೈಯಿಂದ ಬರೆಯುವುದು ಆಗದ ಮಾತು.

ಇಂಥ ಕಂಪ್ಯೂಟರ್ ಚಿತ್ರಗಳೊಂದಿಗೆ ಕರ್ನಾಟಕಕ್ಕಿರುವ ಹತ್ತಿರದ ನಂಟೆಂದರೆ ಹೊಂಬಾಳೆ ಫಿಲಂಸ್ ಅರ್ಪಿಸಿ, ಅಶ್ವಿನ್ ಕುಮಾರ್ ನಿರ್ದೇಶಿಸಿ, 2025ರ ಜುಲೈನಲ್ಲಿ ಕನ್ನಡದಲ್ಲೂ ತೆರೆಕಂಡ ‘ಮಹಾವತಾರ ನರಸಿಂಹ’. ಅನಿಮೆ ಅಲ್ಲದಿದ್ದರೂ ವಿಷ್ಣುವಿನ ಅವತಾರಗಳನ್ನು ಸಾಲಾಗಿ ಹೇಳಹೊರಟ ಕಂಪ್ಯೂಟರ್ ಅನಿಮೇಷನ್ ಚಿತ್ರಮಾಲೆಯ ಮೊದಲ ಚಿತ್ರ ಅದು. ಪ್ರಹ್ಲಾದನ ಕಥೆ ಬಯಲಾಟದ ಹಳೆಯ ಪ್ರಸಂಗ. ಹಿರಣ್ಯಕಶಿಪುವಿನ ವರವೂ ಕಟ್ಟಳೆಗಳದೇ ಸರಪಳಿ: ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಮೃಗದಿಂದಲ್ಲ. ಚಿತ್ರದಲ್ಲಿ ಸಾಮಾನ್ಯ ಜನರ ನಡಿಗೆ ಅಲ್ಲಲ್ಲಿ ಬಿರುಸಾಗಿ ತೋರುತ್ತದೆ. ಆದರೆ ನರಸಿಂಹನನ್ನು ಕೊನೆಯ ಭಾಗದವರೆಗೆ ತೋರಿಸದೆ ಕಾಯಿಸಿದ್ದು ಮೇಳದವರು ಬಲ್ಲ ಜಾಣ್ಮೆ. ಸೂರ್ಯ ಮುಳುಗುವ ಹೊತ್ತಿನಲ್ಲಿ ಕಂಬ ಒಡೆದಾಗ ವರದ ಒಂದೊಂದು ಮಾತೂ ನೋಡುಗರಿಗೆ ನೆನಪಾಗುತ್ತದೆ, ಒಂದನ್ನೂ ಮೀರದೆ ಹಿರಣ್ಯಕಶಿಪು ಹೊಸ್ತಿಲ ಮೇಲೆ ಮಡಿಯುತ್ತಾನೆ.