ಮನೆಯ ಕಲಾವಸ್ತುಗಳೂ ಅವುಗಳ ಕರ್ತೃಗಳೂ: ಜಟಿಂಗ ರಾಮೇಶ್ವರದ ಪರಿಸರವನ್ನು ಕುರಿತ ಒಂದು ವಿಚಾರ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನೇರಿ ದೇವಾಲಯವನ್ನು ಸಮೀಪಿಸುವವರಿಗೆ ಮೆಟ್ಟಿಲುಗಳೆದುರಿಗೆ ಅಶೋಕನ ಕಿರುಶಾಸನವುಳ್ಳ ಬಂಡೆ ಎದುರಾಗುತ್ತದೆ. ಇದನ್ನೂ ಕೆಲವೇ ಮೈಲಿಗಳ ಅಂತರದಲ್ಲಿರುವ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಬಿ. ಎಲ್. ರೈಸ್ ಅವರು 1892ರಲ್ಲಿ ವಿದ್ವತ್ಪ್ರಪಂಚದ ಗಮನಕ್ಕೆ ತಂದರು. ಆದರೆ ಊರಿನವರಿಗೆ ಈ ಬಂಡೆಯು 'ಬಳೆಗಾರರ ಗುಂಡು' ಎಂದೇ ಪರಿಚಿತವಾಗಿದ್ದಿತು. ಜಾತ್ರೆಯ ಕಾಲದಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದೇ ಈ ಹೆಸರಿಗೆ ಕಾರಣ. ಅಂಗಡಿಯ ಗಳುಗಳನ್ನು ನಿಲ್ಲಿಸಲು ತೋಡಿದ ಕುಳಿಗಳೂ ಜನರ ಕಾಲ್ತುಳಿತವೂ ಸೇರಿ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಶಾಸನಾಭ್ಯಾಸಿಗಳು ಇದಕ್ಕಾಗಿ ವಿಷಾದಪಡುವುದು ಸಹಜ. ಆದರೂ ಚಕ್ರವರ್ತಿಯ ಆಜ್ಞೆಯ ಮೇಲೆ ಕುಳಿತು ಹೆಣ್ಣುಮಕ್ಕಳ ಮುಂಗೈಗೆ ಬಳೆ ತೊಡಿಸಿದುದೂ ಇತಿಹಾಸದ ಸಂಗತಿಯೇ ಅಲ್ಲವೆ?

ಈ ಮೂರು ಶಾಸನಗಳಲ್ಲಿ ಒಂದು ವೈಶಿಷ್ಟ್ಯವುಂಟು. ಅವುಗಳ ಕೊನೆಯಲ್ಲಿ ಬರೆದವನ ರುಜುವಿದೆ. ಬ್ರಹ್ಮಗಿರಿಯ ಪ್ರತಿಯಲ್ಲಿ ಚಪಡನೆಂಬ ಅವನ ಹೆಸರು ಸ್ಪಷ್ಟವಾಗಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ತಾನು ಲಿಪಿಕಾರನೆಂದು ಹೇಳುವ ಮಾತನ್ನು ಮಾತ್ರ ಆತನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆತನು ಆ ಸೀಮೆಯವನೋ ಅಲ್ಲಿ ವಿದ್ಯೆ ಕಲಿತವನೋ ಆಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಮಾತು ಅರಸನದು, ವೇತನವೂ ಅರಸನದೇ ಇದ್ದೀತು. ಕೈಬರಹ ಮಾತ್ರ ತನ್ನದೆಂದು ಆತನು ತಿಳಿಸಿಹೋದನು. ಕನ್ನಡನಾಡಿನಲ್ಲಿ ತನ್ನ ಕೈಕೆಲಸದ ಜೊತೆಗೆ ಹೆಸರನ್ನು ಉಳಿಸಿದವರಲ್ಲಿ ನಮಗೆ ತಿಳಿದಂತೆ ಆತನೇ ಮೊದಲಿಗನು.

ಈ ಪದ್ಧತಿ ಮುಂದೆಯೂ ನಮ್ಮ ನಾಡಿನಲ್ಲಿ ಕಾಣುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಅದರ ಸೂತ್ರಧಾರಿಯಾದ ಗುಂಡನನ್ನು ಹೆಸರಿಸಿ ಗೌರವಿಸಿವೆ. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದ ವಿಗ್ರಹಗಳ ಕೆಳಗೆ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಈ ಹೆಸರುಗಳಿಂದಲೇ ಹೊಯ್ಸಳ ಶಿಲ್ಪದ ಚರಿತ್ರೆಯನ್ನು ವ್ಯಕ್ತಿಗಳ ಚರಿತ್ರೆಯಾಗಿ ಬರೆಯುವುದು ಸಾಧ್ಯವಾಯಿತು. ಆದರೆ ಇವೆಲ್ಲ ದೇವಾಲಯದ ಕಲೆ. ಮನೆಯ ಕಲೆಯ ವಿಷಯಕ್ಕೆ ಬಂದೊಡನೆ ನಮ್ಮ ಶಾಸ್ತ್ರವು ಮೌನ ತಾಳುತ್ತದೆ.

ಜಟಿಂಗ ರಾಮೇಶ್ವರದ ಸುತ್ತಣ ಸೀಮೆಯೇ ಇದಕ್ಕೆ ನಿದರ್ಶನ. ಚಳ್ಳಕೆರೆಯ ಕಡೆಯ ಕಂಬಳಿಯನ್ನು ತೆಗೆದುಕೊಳ್ಳೋಣ. ಕುರಿಯ ಉಣ್ಣೆಯನ್ನು ಹಿಂಜಿ ನೂಲುವುದು ಸಾಮಾನ್ಯವಾಗಿ ಹೆಂಗಸರ ಕೆಲಸ. ಹಾಸಿನ ನೂಲಿಗೆ ಹುಣಸೆಬೀಜದ ಸರಿಯನ್ನು ಹಚ್ಚಿ ಬಿಗಿಗೊಳಿಸಿ ಗುಂಡಿಮಗ್ಗದಲ್ಲಿ ನೇಯುವುದು ಗಂಡಸರದು. ಬಣ್ಣ ಹಾಕದ ಕರಿಯ ಉಣ್ಣೆಯ ಛಾಯಾಭೇದವೇ ಅದರ ಅಲಂಕಾರ. ಅದೇ ಕಂಬಳಿ ಮಳೆಯಲ್ಲಿ ಕುರಿಗಾಹಿಗೆ ಕೊಪ್ಪೆಯಾಗುತ್ತದೆ, ಶುಭಕಾರ್ಯದಲ್ಲಿ ದೇವರಿಗೆ ಗದ್ದುಗೆಯಾಗುತ್ತದೆ. ಇಷ್ಟು ಮಾನ್ಯವಾದ ವಸ್ತುವನ್ನು ನೇಯ್ದವರು ಯಾರೆಂದು ಕೊಂಡವರು ಕೇಳುವುದಿಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಪರಿಸ್ಥಿತಿ ಇನ್ನೂ ಜಟಿಲವಾದುದು. ಒಡಲಿಗೆ ಒಂದು ಬಣ್ಣ, ಎರಡೂ ಅಂಚುಗಳಿಗೆ ಬೇರೊಂದು ಬಣ್ಣವಿರುವ ಸೀರೆಯನ್ನು ಮೂರು ಲಾಳಿಗಳಿಂದ ನೇಯಬೇಕಾಗುತ್ತದೆ. ಪ್ರತಿ ಎಳೆಯಲ್ಲಿಯೂ ಒಡಲಿನ ಹೊಕ್ಕು ಅಂಚಿನ ಹೊಕ್ಕಿನೊಡನೆ ಕೊಂಡಿ ಹಾಕಿಕೊಳ್ಳಬೇಕು. ಒಬ್ಬನ ಎರಡು ಕೈಗಳಿಗೆ ಇದು ಸುಲಭವಲ್ಲ. ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಒಂದು ಲಾಳಿಯನ್ನು ಎಸೆಯುತ್ತಾರೆ. ಹೀಗೆ ಸಹಾಯಕ್ಕೆ ಕೂರುವವರು ಅನೇಕ ವೇಳೆ ಮನೆಯ ಹೆಂಗಸರೇ. ಕೈಯಿಂದ ಹಾಕಿದ ಬುಟ್ಟಾದಲ್ಲಿ ಎಳೆಯು ಆಯಾ ಹೂವಿನ ಅಂಚಿನಲ್ಲಿಯೇ ಹಿಂದಿರುಗುತ್ತದೆ. ಯಂತ್ರದ ಅನುಕರಣದಲ್ಲಿ ಎಳೆಯು ಹೂವಿನಿಂದ ಹೂವಿಗೆ ಹಿಂಬದಿಯಲ್ಲಿ ಹಾಯ್ದು, ಬಳಿಕ ಕತ್ತರಿಸಿದ ತುದಿಗಳು ಉಳಿಯುವುದೇ ಹೆಚ್ಚು. ಸೀರೆಯನ್ನು ಕೊಳ್ಳುವವರು ಮುಂಬದಿಯ ಹೊಳಪನ್ನು ನೋಡುತ್ತಾರೆ. ಹಿಂಬದಿಯನ್ನು ತಿರುವಿ ನೋಡಿದರೆ ಕೈಯ ಗುರುತು ದೊರೆಯುತ್ತದೆ.

ಗುರುತು ದೊರೆಯಿತು, ಹೆಸರು? ಇಲ್ಲಿ 'ಸ್ವತಂತ್ರ ಕಲಾವಿದ' ಎಂಬ ಈಚಿನ ಮಾತನ್ನು ಎಚ್ಚರದಿಂದ ಬಳಸಬೇಕೆಂದು ನಮ್ಮ ಅಭಿಪ್ರಾಯ. ರೇಷ್ಮೆ, ಜರಿಗಳ ಬಂಡವಾಳ ಸಾಮಾನ್ಯ ನೇಕಾರನ ಕೈಗೆ ಮೀರಿದ್ದು. ಆದುದರಿಂದ ಯಜಮಾನನಿಂದ ನೂಲು ಪಡೆದು, ಆತನು ಹೇಳಿದ ನಮೂನೆಯನ್ನು ನೇಯ್ದು, ಸೀರೆಗಿಷ್ಟು ಎಂದು ಮಜೂರಿ ಪಡೆಯುವವರು ಈ ಕಸುಬಿನಲ್ಲಿ ಬಹುಮಂದಿ. ಮಾರುವವನು ಬೇರೆ, ಮಾರುವ ಊರೂ ಬೇರೆ. ಇಂಥ ಕಡೆ ಸ್ವಾತಂತ್ರ್ಯವನ್ನು ಮೊದಲು ವಿಧಿಸಿ ಆಮೇಲೆ ಕಲಾವಿದನನ್ನು ಹುಡುಕಹೊರಟರೆ ಯಾರೂ ಸಿಕ್ಕಲಾರರು. ಚಪಡನಾದರೂ ಸ್ವತಂತ್ರನಾಗಿರಲಿಲ್ಲವಷ್ಟೆ! ಬಣ್ಣಗಳ ಹೊಂದಿಕೆ, ಅಂಚಿನ ಬಿಗಿ, ಸೆರಗಿನ ಕೊನೆಯ ತಿರುವು, ಇವುಗಳಲ್ಲಿ ಯಾವುದನ್ನು ನೇಯುವವನೇ ನಿರ್ಣಯಿಸಿದನು ಎಂದು ಕೇಳುವುದು ಹೆಚ್ಚು ಫಲಕಾರಿಯಾದ ಪ್ರಶ್ನೆ.

ಸರ್ಕಾರದ ವ್ಯವಸ್ಥೆಗಳು ಈ ಕೊರತೆಯನ್ನು ಭಾಗಶಃ ಮಾತ್ರ ತುಂಬುತ್ತವೆ. 1999ರ ಕಾಯಿದೆಯ ಮೇರೆಗೆ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಇದು ರಕ್ಷಿಸುವುದು ಊರಿನ ಹೆಸರನ್ನು. ಕುಶಲಕರ್ಮಿಗಳಿಗಾಗಿ 1965ರಲ್ಲಿ ಆರಂಭವಾದ ರಾಷ್ಟ್ರಪ್ರಶಸ್ತಿ ಕೆಲವರ ಹೆಸರನ್ನು ಎತ್ತಿ ಹಿಡಿಯುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ ಮಾಡಿದ ಸೇವೆ ಸ್ಮರಣೀಯವಾದುದು. ಆದರೂ ಮಗ್ಗದ ಪಕ್ಕದಲ್ಲಿ ಕುಳಿತು ಲಾಳಿ ಎಸೆದ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲಿ ಸೇರಬೇಕು? ನಮ್ಮ ಶಾಸನಗಳಾದರೋ ಬರೆದವನನ್ನೂ ಕಂಡರಿಸಿದವನನ್ನೂ ಅನೇಕ ವೇಳೆ ಬೇರೆ ಬೇರೆಯಾಗಿಯೇ ಹೆಸರಿಸುತ್ತವೆ. ಆ ನ್ಯಾಯವನ್ನು ಸೀರೆಗೂ ಕಂಬಳಿಗೂ ಅನ್ವಯಿಸುವುದಾದರೆ ನೂತವರು, ಸುತ್ತಿದವರು, ಬಣ್ಣ ಹಾಕಿದವರು, ನೇಯ್ದವರು, ಪಕ್ಕದಲ್ಲಿ ಕುಳಿತವರು ಎಲ್ಲರನ್ನೂ ಬರೆದಿಡಬೇಕಾಗುತ್ತದೆ.

ಇದು ಇತಿಹಾಸದ ವಿದ್ಯಾರ್ಥಿಗಳ ಕೆಲಸವೆಂದು ನಾವು ಭಾವಿಸುತ್ತೇವೆ. ವಿಳಂಬಕ್ಕೆ ಅವಕಾಶವೂ ಇಲ್ಲ. ಕಲ್ಲು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಾದೀತು, ರೇಷ್ಮೆ ಕಾಯುವುದಿಲ್ಲ. ಹಳೆಯ ಜರಿ ಸೀರೆಗಳನ್ನು ಕೊಳ್ಳುವವರು ಬೀದಿಬೀದಿಗಳಲ್ಲಿ ಬರುತ್ತಾರೆ. ಹಾಗೆ ಕೊಂಡ ಸೀರೆಗಳನ್ನು ಸುಟ್ಟು ಬೆಳ್ಳಿಯನ್ನು ತೆಗೆಯುವುದುಂಟು. ನಮ್ಮ ಮನೆಯಲ್ಲಿಯೇ ಅಜ್ಜಿಯ ಧಾರೆಯ ಸೀರೆ ಹೀಗೆ ಹೋಯಿತು. ಅದರ ಸೆರಗಿನಲ್ಲಿದ್ದುದು ಯಾವ ನಮೂನೆಯೆಂದು ಈಗ ನಮ್ಮ ಮನೆಯವರಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಶಾಸನದ ಅಕ್ಷರ ಸವೆದುದಕ್ಕೆ ಬಳೆಗಾರರನ್ನು ದೂರುವ ಹಕ್ಕು ನಮಗೆ ಉಳಿದಿಲ್ಲ.

ವಿದ್ಯಾರ್ಥಿಗಳು ಮೊದಲು ತಮ್ಮ ತಮ್ಮ ಮನೆಯ ಪೆಟ್ಟಿಗೆಗಳಿಂದ ಆರಂಭಿಸಬಹುದು. ಅನೇಕ ಮನೆಗಳಲ್ಲಿ ಹಳೆಯ ಮದುವೆಯ ಲೆಕ್ಕದ ಪುಸ್ತಕಗಳು ಉಳಿದಿವೆ. ಸೀರೆ ಕೊಂಡ ತಾರೀಖು, ಕ್ರಯ, ಅಂಗಡಿಯ ಹೆಸರು ಅಲ್ಲಿ ಸಿಕ್ಕುವ ಸಂಭವವುಂಟು. ಅಂಗಡಿಯಿಂದ ಯಜಮಾನನಿಗೆ, ಯಜಮಾನನಿಂದ ಮಗ್ಗಕ್ಕೆ ಹಿಂದಿರುಗುವ ದಾರಿ ಎಲ್ಲ ಕಡೆಯೂ ತೆರೆದಿರುವುದಿಲ್ಲ. ತೆರೆದಿದ್ದಲ್ಲಿ ಮಗ್ಗದ ಮನೆಗೇ ಹೋಗಿ, ಹಿರಿಯರನ್ನು ಕುಳ್ಳಿರಿಸಿಕೊಂಡು ಸೀರೆಯ ಹಿಂಬದಿಯನ್ನು ತೋರಿಸಬೇಕು. ಮುಂಬದಿಯ ನಮೂನೆಯನ್ನು ಯಾರಾದರೂ ನೇಯ್ದಿರಬಹುದು, ಆದರೆ ಅಂಚಿನ ಕೊಂಡಿಯ ರೀತಿಯಿಂದ ಇದು ಇಂಥವರ ಮನೆಯ ಕೈ ಎಂದು ಹೇಳಬಲ್ಲವರಿದ್ದಾರೆಯೇ ಎಂಬುದನ್ನು ಅಲ್ಲಿಯೇ ಪರೀಕ್ಷಿಸಬೇಕಾಗಿದೆ.