ಕರೆ ಬಂತು, ಹೆಸರೆಲ್ಲಿ?

ಮೊಬೈಲಿಗೆ ಒಗ್ಗಿದವರಿಗೆ ಕಚೇರಿಯ ಮೇಜು ಫೋನು ತುಸು ಒರಟು ಅನ್ನಿಸುತ್ತದೆ. ವರ್ಷಗಳ ಗಿರಾಕಿ ಕರೆ ಮಾಡಿದರೂ ಪರದೆಯ ಮೇಲೆ ಬರೀ ಅಂಕಿಗಳು. ರಿಸೆಪ್ಷನ್‌ನಲ್ಲಿ ಕೂತವರು ‘ಯಾರು ಸಾರ್ ಮಾತಾಡ್ತಿರೋದು?’ ಎಂದು ಕೇಳಬೇಕು, ಆ ಕಡೆಯವರು ಮುನಿಸಿಕೊಳ್ಳಬೇಕು. ‘ಹೆಸರು ತಾನಾಗೇ ಬರುತ್ತೆ’ ಎಂದು ಹೇಳಿ ಇಂಟರ್ನೆಟ್ ಫೋನ್ ಹಾಕಿಕೊಟ್ಟ ಹುಡುಗನನ್ನು ಮತ್ತೆ ಕರೆಸುತ್ತಾರೆ. ಅವನು ಫೋನನ್ನು ಆಫ್ ಮಾಡಿ ಆನ್ ಮಾಡುತ್ತಾನೆ. ಏನೂ ಬದಲಾಗುವುದಿಲ್ಲ. ದೋಷ ಬಹಳ ಸಲ ಫೋನಿನಲ್ಲಿ ಇರುವುದೇ ಇಲ್ಲ.

ಕರೆಯ ಜೊತೆಗೇ ಹೆಸರೂ ಬರುತ್ತದೆ ಎಂಬ ನಂಬಿಕೆಯೇ ಮೊದಲು ದಾರಿ ತಪ್ಪಿಸುವುದು. ಅಮೆರಿಕದ ಪದ್ಧತಿಯಲ್ಲೂ ಸಾಮಾನ್ಯವಾಗಿ ಬರುವುದು ಸಂಖ್ಯೆ ಮಾತ್ರ. ಕರೆ ತಲುಪಿಸುವ ಕಡೆಯ ಕಂಪನಿ ಆ ಸಂಖ್ಯೆಯನ್ನು ದತ್ತಸಂಚಯದಲ್ಲಿ ಹುಡುಕಿ, 15 ಅಕ್ಷರ ಮೀರದ ಹೆಸರೊಂದನ್ನು ಅಂಟಿಸುತ್ತದೆ. ಭಾರತದಲ್ಲಿ ಆ ಏರ್ಪಾಡೂ ಬಹುಕಾಲ ಇರಲಿಲ್ಲ. ಸ್ವೀಡನ್ನಿನಲ್ಲಿ 2009ರಲ್ಲಿ ಹುಟ್ಟಿದ ಟ್ರೂಕಾಲರ್ ಇಲ್ಲಿ ಮನೆಮಾತಾದದ್ದು ಆ ಖಾಲಿ ಜಾಗದಲ್ಲೇ. ಆದರೆ ಮೇಜು ಫೋನಿಗೆ ಆ ಆ್ಯಪ್ ಇಲ್ಲ. ಹುಡುಕುವ ಕೆಲಸವನ್ನು, ಕಚೇರಿಯ ಕರೆಗಳನ್ನು ಫೋನುಗಳಿಗೆ ಹಂಚುವ ಪಿಬಿಎಕ್ಸ್ ಸರ್ವರೇ ಮಾಡಬೇಕು.

ಇಂಥ ಸರ್ವರುಗಳಲ್ಲಿ ಅನೇಕವು ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿವೆ. ಅಮೆರಿಕದ ಮಾರ್ಕ್ ಸ್ಪೆನ್ಸರ್ 1999ರಲ್ಲಿ ಬರೆದದ್ದು ಅದು. ಅದಕ್ಕೆ ಮೌಸ್ ಹಿಡಿದು ಬಳಸುವ ಮುಖ ಕೊಟ್ಟದ್ದು ಫ್ರೀಪಿಬಿಎಕ್ಸ್. ಹೆಸರುಗಳ ಪಟ್ಟಿಯನ್ನು ತುಂಬಿಸಿ ಕೈತೊಳೆದುಕೊಳ್ಳುವವರು ಎಡವುವುದು ಇಲ್ಲೇ: ಹೊರಗಿನ ಕರೆ ಒಳಬರುವ ಪ್ರತಿಯೊಂದು ದಾರಿಗೂ, ಅಂದರೆ ‘ಇನ್‌ಬೌಂಡ್ ರೂಟ್’ಗೂ ಯಾವ ಪಟ್ಟಿಯಲ್ಲಿ ಹುಡುಕಬೇಕೆಂದು ಬೇರೆಯಾಗಿಯೇ ಹೇಳಬೇಕು. ಹೇಳದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ.

ಅದನ್ನೂ ಮಾಡಿದ ಮೇಲೆ ಹೆಸರು ಬರಲಿಲ್ಲವೆಂದರೆ ಸಂಖ್ಯೆಯ ರೂಪವನ್ನು ನೋಡಬೇಕು. ಒಂದೇ ಮೊಬೈಲ್ ಸಂಖ್ಯೆ ಒಂದು ಲೈನಿನಲ್ಲಿ ಹತ್ತು ಅಂಕಿಯಾಗಿ, ಇನ್ನೊಂದರಲ್ಲಿ ಮುಂದೆ ಸೊನ್ನೆ ಹೊತ್ತು, ಮತ್ತೊಂದರಲ್ಲಿ 91 ಅಥವಾ +91 ಸೇರಿಸಿಕೊಂಡು ಬರಬಹುದು. ಮನುಷ್ಯನಿಗೆ ಇವೆಲ್ಲ ಒಂದೇ. ಸರ್ವರಿಗೆ ನಾಲ್ಕೂ ಬೇರೆ ಬೇರೆ, ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಹುಡುಕುವ ಮೊದಲೇ ಮುಂದಿನದನ್ನು ಕತ್ತರಿಸಿ ಕೊನೆಯ ಹತ್ತು ಅಂಕಿ ಮಾತ್ರ ಉಳಿಸಿಕೊಳ್ಳುವುದು ದೇಶದೊಳಗಿನ ಕರೆಗಳಿಗೆ ಸಾಕಾಗುವ ಉಪಾಯ. ವಿದೇಶದ ಗಿರಾಕಿಗಳಿರುವ ಕಚೇರಿ ಮಾತ್ರ ಎಲ್ಲವನ್ನೂ + ಚಿಹ್ನೆ ಮತ್ತು ಆಯಾ ದೇಶದ ಸಂಕೇತದಿಂದ ಶುರುವಾಗುವ ರೂಪಕ್ಕೆ ತರುವುದು ವಾಸಿ.

ಪಟ್ಟಿಯನ್ನು ತಯಾರಿಸುವಾಗ ಎಕ್ಸೆಲ್ ಮಾಡುವ ಅವಾಂತರ ಬೇರೆಯೇ. 91 ಸೇರಿದ ಹನ್ನೆರಡು ಅಂಕಿಯ ಸಂಖ್ಯೆಯನ್ನು ಅದು 9.19ಇ+11 ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ಹಾಗೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕಡತದೊಳಗೂ ಅದೇ ಕೂತುಬಿಡುತ್ತದೆ. ಮುಂದಿನ ಸೊನ್ನೆಯಂತೂ ಹೇಳದೆ ಕೇಳದೆ ಮಾಯ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿಟ್ಟರೆ ಈ ಕಾಟವಿಲ್ಲ. ಗಿರಾಕಿಗಳ ಪಟ್ಟಿ ಬೇರೆ ವೆಬ್ ತಂತ್ರಾಂಶದಲ್ಲಿದ್ದು ಸರ್ವರು ಸಂಖ್ಯೆಯನ್ನು ವೆಬ್ ವಿಳಾಸದೊಳಗೆ ಸೇರಿಸಿ ಅಲ್ಲಿಗೆ ಕಳಿಸಿ ಕೇಳುವ ಕಡೆ ಇನ್ನೊಂದು ತಮಾಷೆ: ವಿಳಾಸದೊಳಗಿನ + ಚಿಹ್ನೆಯನ್ನು ವೆಬ್ ಸರ್ವರು ಖಾಲಿ ಜಾಗ ಎಂದು ಓದಿಕೊಳ್ಳುತ್ತದೆ. ಸಂಖ್ಯೆ ಸರಿ, ಪಟ್ಟಿ ಸರಿ, ಉತ್ತರ ಮಾತ್ರ ಇಲ್ಲ.

ಹಳೆಯ ತಾಮ್ರದ ಲೈನುಗಳನ್ನು ಸರ್ವರಿಗೆ ಜೋಡಿಸಿಕೊಂಡ ಕಚೇರಿಗಳ ಪಾಡು ಇನ್ನೂ ಬೇರೆ. ಅಲ್ಲಿ ಸಂಖ್ಯೆಯೇ ಬರದಿದ್ದರೆ ಹೆಸರು ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಮೊದಲ ಮತ್ತು ಎರಡನೇ ರಿಂಗಿನ ನಡುವೆ ಸಂಖ್ಯೆ ಹರಿದುಬರುತ್ತದೆ. ಭಾರತದ ಎಷ್ಟೋ ಲೈನುಗಳಲ್ಲಿ ರಿಂಗಿಗೂ ಮೊದಲೇ, ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳಾಗಿ ಬರುತ್ತದೆ. ಆಸ್ಟರಿಸ್ಕ್‌ನ ಮಾದರಿ ಸೆಟ್ಟಿಂಗ್ ಕಡತದಲ್ಲಿ ಭಾರತಕ್ಕೆಂದೇ ಒಂದು ಆಯ್ಕೆ ಇದೆ. ಅಮೆರಿಕದ ಪದ್ಧತಿಗೆ ಹೊಂದಿಸಿದ ಯಂತ್ರವನ್ನು ಹಾಗೇ ಬಳಸಿದವರು ಆ ಆಯ್ಕೆಯನ್ನು ಹುಡುಕುವುದೇ ಇಲ್ಲ.

ಹೆಸರು ಹುಡುಕಲು ತೀರಾ ಹೊತ್ತು ಹಿಡಿದರೂ ತಾಪತ್ರಯ. ಉತ್ತರ ಬರುವತನಕ ಸರ್ವರು ಫೋನಿಗೆ ರಿಂಗ್ ಕೊಡುವುದಿಲ್ಲ. ಕರೆ ಮಾಡಿದವರಿಗೆ ಬರೀ ಮೌನ. ಕಾಯುವ ಅವಧಿಗೆ ಎರಡು ಮೂರು ಸೆಕೆಂಡಿನ ಮಿತಿ ಹಾಕಿದರೆ ಹೆಸರಿಲ್ಲದೆಯಾದರೂ ಫೋನು ಹೊಡೆದುಕೊಳ್ಳುತ್ತದೆ. ಹೆಸರು ಬಂದರೂ ಕನ್ನಡದಲ್ಲಿ ಬರೆದಿಟ್ಟವರಿಗೆ ಕೆಲವು ಅಗ್ಗದ ಫೋನುಗಳು ಖಾಲಿ ಚೌಕಗಳನ್ನೇ ತೋರಿಸುತ್ತವೆ. ಕಳಿಸುವ ವಿಧಾನದಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ, ಫೋನಿನೊಳಗೆ ಕನ್ನಡ ಲಿಪಿ ತುಂಬಿರುವುದಿಲ್ಲ, ಅಷ್ಟೇ.

ಎಲ್ಲಿ ತಪ್ಪಿದೆ ಎಂದು ತಿಳಿಯಲು ಊಹೆ ಬೇಡ. ಸರ್ವರಿನಲ್ಲಿ, ಕರೆಯ ಸಂದೇಶಗಳನ್ನು ತೋರಿಸುವ ‘ಪಿಜೆಸಿಪ್ ಲಾಗರ್’ ಆನ್ ಮಾಡಿ ತಮ್ಮದೇ ಮೊಬೈಲಿನಿಂದ ಒಂದು ಕರೆ ಮಾಡಿದರೆ, ಬಂದ ಸಂದೇಶದ ‘ಫ್ರಮ್’ ಸಾಲಿನಲ್ಲಿ ಸಂಖ್ಯೆ ಯಾವ ವೇಷದಲ್ಲಿದೆ ಎಂಬುದು ಕಾಣುತ್ತದೆ. ಫೋನಿಗೆ ಹೊರಡುವ ಸಂದೇಶದಲ್ಲಿ ಹೆಸರಿದ್ದೂ ಪರದೆಯಲ್ಲಿ ಇಲ್ಲವೆಂದರೆ, ಆಗ ಮಾತ್ರ ಫೋನಿನ ಮೇಲೆ ಅನುಮಾನ ಪಡಬೇಕು.

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಫೆಬ್ರುವರಿಯಲ್ಲಿ, ಕರೆ ಮಾಡುವವರ ಹೆಸರನ್ನು ಜಾಲವೇ ತೋರಿಸುವ ಸೇವೆ ಭಾರತದಲ್ಲೂ ಬರಲಿ ಎಂದು ಶಿಫಾರಸು ಮಾಡಿತು. ಹೆಸರಿಗೆ ಆಧಾರ ಸಿಮ್ ಪಡೆಯುವಾಗ ತುಂಬಿದ ಅರ್ಜಿ. ವ್ಯಾಪಾರ ಸಂಸ್ಥೆಗಳಿಗೆ ತಮ್ಮ ವ್ಯವಹಾರದ ಹೆಸರು ಆರಿಸಿಕೊಳ್ಳುವ ಅವಕಾಶ. ಮಗನ ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಕಾಣುವುದು ಅಪ್ಪನ ಹೆಸರೇ. ಹಾಗಾಗಿ ಅಂಥ ಹೆಸರು ಜಾಲದಿಂದ ಬರುವ ಕಡೆಯೂ ಸರ್ವರು ಮೊದಲು ಕಚೇರಿಯ ಪಟ್ಟಿಯನ್ನು ನೋಡಿ, ಅಲ್ಲಿ ಸಿಗದಿದ್ದಾಗಷ್ಟೇ ಜಾಲದ ಹೆಸರನ್ನು ತೋರಿಸುವಂತೆ ಹೊಂದಿಸಿಕೊಳ್ಳುವುದು ಒಳ್ಳೆಯದು.